ಕಟ್ಟೆಯ ಕೆಳಗಿನ ಮೆಟ್ಟಿಲು

ಹಿನ್ನೀರು ಇಳಿದರೆ ಮುಳುಗಿದ ಊರು ವರ್ಷಕ್ಕೊಮ್ಮೆ ಮೇಲೆದ್ದು ಬರುತ್ತದೆ. ಗೋಡೆಗಳಿಲ್ಲದ ಹೊಸ್ತಿಲುಗಳು, ಕೆಸರು ಮೆತ್ತಿದ ಬಾವಿ, ಬಸವಣ್ಣನ ಗುಡಿಯ ಕಟ್ಟೆ, ಎಲ್ಲವೂ ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿರುತ್ತವೆ. ಬಾಗಲಕೋಟೆಯ ನವನಗರದಿಂದ ಬಸ್ಸು ಹಿಡಿದು ಬಂದ ಕಾಸಿಂಬಿ, ಉಡಿಯಲ್ಲಿ ಮಲ್ಲಿಗೆ ಕಟ್ಟಿಕೊಂಡು, ಖಬರಸ್ತಾನವಿದ್ದ ಬಯಲನ್ನು ನೋಡುತ್ತ ನಿಂತಳು. ಎತ್ತ ನೋಡಿದರೂ ಹೂಳು. ಅವ್ವ ಎಲ್ಲಿ ಮಲಗಿದ್ದಾಳೆ?

ಪ್ರತಿ ಬೇಸಿಗೆ ಅಣ್ಣ ಜಹಾಂಗೀರ ಬಂದು ಹೂ ಹಾಕಿ ಹೋಗುತ್ತಿದ್ದ. ಜಾಗ ಗೊತ್ತಿದ್ದವನು ಅವನೊಬ್ಬನೇ. ಹೋದ ಮಳೆಗಾಲದಲ್ಲಿ ಅವನೂ ತೀರಿಕೊಂಡ. ಹೆಣ್ಣುಮಕ್ಕಳು ಮಣ್ಣಿಗೆ ಹೋಗುವ ರೂಢಿ ಅವರಲ್ಲಿರಲಿಲ್ಲ. ಅವ್ವ ಸತ್ತ ದಿನ ಹತ್ತು ವರ್ಷದ ಕಾಸಿಂಬಿ ಮನೆಯಲ್ಲೇ ಉಳಿದಿದ್ದಳು.

“ನಾ ನೋಡೇನಿ,” ಎಂದಳು ಜೊತೆಗೆ ಬಂದಿದ್ದ ಗುರುಲಿಂಗವ್ವ. ಆಗಲೂ ಪಕ್ಕದ ಮನೆಯವಳು, ಈಗಲೂ ಪಕ್ಕದ ಮನೆಯವಳೇ. “ಈ ಗುಡಿ ಕಟ್ಟಿಗೆ ಕುಂತು ನೋಡೇನಿ. ನಿಮ್ಮಪ್ಪ ನಿಮ್ಮವ್ವನ ಬೀಸುಕಲ್ಲು ಹೊತ್ಕೊಂಡ ಬಂದು ತಲಿ ಕಡೆ ಇಟ್ಟ.”

“ಐವತ್ತ ವರ್ಷ ಆತು. ನಿನಗ ನಿನ್ನಿ ಉಂಡದ್ದ ನೆನಪಿರಂಗಿಲ್ಲ.”

“ಉಂಡದ್ದು ಯಾರ ನೆನಪಿಡ್ತಾರ? ತಪ್ಪಿದ್ರ ನಮ್ಮಜ್ಜಗ ಹೂ ಏರಿಸ್ತಿ, ಅಷ್ಟ. ನಾವೂ ಮಣ್ಣಾಗ ಇಡೋರ. ಬಾಜು ಹೊಲದಾಗ ಅದಾನ ಅವ.”

ಆದರೆ ಕಟ್ಟೆಯ ಮೇಲೆ ನಿಂತು ನೋಡಿದಾಗ ಗುರುಲಿಂಗವ್ವನಿಗೆ ಏನೂ ಹೊಂದಲಿಲ್ಲ. ಬಯಲೇ ಜರುಗಿ ಕೂತಂತಿತ್ತು. ಅವಳು ಇಳಿದು ಬಂದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಮೊಣಕಾಲು ತಬ್ಬಿಕೊಂಡು ಕೂತಳು.

“ಅವತ್ತ ನಾ ಕುಂತದ್ದ ಈ ಮೆಟ್ಟಲಾಗ. ಇಷ್ಟ ಎತ್ತರ ಇದ್ದೆ,” ಎಂದಳು. “ಈಗ ನಡಿ. ಆ ಹುಣಸಿ ಬೊಡ್ಡಿ ಕಡೆ. ಹೂಂ. ಇನ್ನ ಸ್ವಲ್ಪ ಎಡಕ್ಕ.”

ಕಾಸಿಂಬಿ ನಡೆದಳು. ಬಿಸಿಲುಗುದುರೆಯಲ್ಲಿ ನೀರೂ ನೆಲವೂ ಒಂದಾಗಿ ತೇಲುತ್ತಿದ್ದವು. ಬೆನ್ನ ಹಿಂದಿನ ದನಿ ಹೆಜ್ಜೆಹೆಜ್ಜೆಗೂ ಎಳೆಯದಾಗುತ್ತ, ಲಂಗ ತೊಟ್ಟ ಹುಡುಗಿಯೊಬ್ಬಳು ಕರೆಯುತ್ತಿರುವಂತೆ ಕೇಳಿತು. “ನಿಲ್ಲು. ಅಲ್ಲೇ.”

ಬಾಗಿ ಹೂಳು ಕೆದರಿದಳು. ಗುಂಡನೆಯ ಅಂಚು ಸಿಕ್ಕಿತು. ನಡುವಿನ ತೂತಿನೊಳಗೆ ಬೆರಳು ಇಳಿಯಿತು. ಎಲ್ಲೋ ಜೋಳ ಬೀಸುವ ಗರಗರ ಸದ್ದು.

ಹೂ ಸುರಿದು ಕೈಯೆತ್ತಿ ದುವಾ ಮಾಡಿದಳು. ತಿರುಗಿ ನೋಡಿದರೆ ಗುರುಲಿಂಗವ್ವ ಇನ್ನೂ ಮೆಟ್ಟಿಲಲ್ಲೇ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

“ಬಾ ಇಲ್ಲೆ.”

“ಅವತ್ತ ನಮ್ಮವ್ವ ನನ್ನ ಇಳಿಗೊಡಲಿಲ್ಲ.”

“ಈಗ ಯಾರ ಹಿಡದಾರ ನಿನ್ನ?”

ಗುರುಲಿಂಗವ್ವ ಮೊಣಕಾಲು ಹಿಡಿದುಕೊಂಡು ಎದ್ದು ನಡೆದಳು. ಒಂದು ಹಿಡಿ ಮಲ್ಲಿಗೆಯನ್ನು ಉಡಿಯಲ್ಲೇ ಉಳಿಸಿಕೊಂಡು ಕಾಸಿಂಬಿ ಕಾದಳು.