ಹದಿನೆಂಟು ಎಂದು ಬರೆದಿದ್ದಳು

ಒಂದು ಕಣ್ಣು ಒಲೆಯ ಮೇಲಿನ ಹಾಲಿನ ಕಡೆಗಿಟ್ಟು, ಅತ್ತೆಯ ವಾರದ ಮಾತ್ರೆಗಳನ್ನು ಡಬ್ಬಿಯ ಗೂಡುಗಳಿಗೆ ತುಂಬುತ್ತಿದ್ದೆ. ಬೆಳಗಿನ ಬಿಳಿ ಮಾತ್ರೆ ಹಾಕಿ ಆಗಿತ್ತು. ರಾತ್ರಿಯ ಅರ್ಧ ಮಾತ್ರೆ ಮುರಿಯುವಷ್ಟರಲ್ಲಿ ಮಗಳು ಬಂದು ನನ್ನ ಮಣಿಕಟ್ಟು ಹಿಡಿದಳು.

"ಮಾತಾಡ್ಬೇಡ" ಎಂದಳು.

ನಾಡಿ ನೋಡುತ್ತಿದ್ದಾಳೆ ಅಂದುಕೊಂಡೆ. ಅವಳು ನರ್ಸಿಂಗ್‌ಗೆ ಸೇರಿದ ಈ ಎರಡು ವರ್ಷದಿಂದ ಮನೆಯಲ್ಲಿ ನಾವೆಲ್ಲ ಅವಳ ಪಾಠದ ಗೊಂಬೆಗಳು. ನನ್ನ ತೋಳಿಗೆ ಬ್ಯಾಂಡೇಜ್ ಸುತ್ತಿದ್ದಾಳೆ. ಅಜ್ಜಿಯನ್ನು ಮಂಚದ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸಿ, ಅವರು ಮಲಗಿದ್ದ ಹಾಗೆಯೇ ಹಾಸಿಗೆಯ ಬಟ್ಟೆ ಬದಲಿಸಿದ್ದಾಳೆ. ಆದರೆ ಇವತ್ತು ಅವಳ ಕಣ್ಣು ಗಡಿಯಾರಕ್ಕೂ ನನ್ನ ಎದೆಗೂ ನಡುವೆ ಓಡಾಡುತ್ತಿತ್ತು, ತುಟಿ ಸಣ್ಣಗೆ ಅಲುಗುತ್ತಿತ್ತು. ಆಗ ನೆನಪಾಯಿತು. ಮೊದಲ ವರ್ಷದಲ್ಲಿ ಅವಳೇ ಹೇಳಿಕೊಟ್ಟಿದ್ದಳು: "ಉಸಿರು ಎಣಿಸ್ತೀನಿ ಅಂತ ಹೇಳ್ಬಿಟ್ರೆ ರೋಗಿ ಬೇರೆ ಥರ ಉಸಿರಾಡೋಕೆ ಶುರು ಮಾಡ್ತಾರಮ್ಮ. ಅದಕ್ಕೆ ನಾಡಿ ಹಿಡಿದಿರೋ ಹಾಗೆ ನಾಟಕ ಮಾಡ್ಕೊಂಡು ಎದೆ ನೋಡ್ಬೇಕು. ಪೂರ್ತಿ ಒಂದು ನಿಮಿಷ."

ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಅವಳು ಕೈ ಬಿಡಲಿಲ್ಲ.

"ಇಪ್ಪತ್ತೆರಡು. ಗಾಬರಿಯಾಗಿದ್ದೀಯ."

"ಹಾಲು ಚೆಲ್ಲಿದ್ದಕ್ಕೆ ಕಣೇ."

ನಗಲಿಲ್ಲ. ಅಜ್ಜಿಯ ಕೋಣೆಗೆ ಹೋದಳು. ಅಲ್ಲಿಂದ ಅತ್ತೆಯ ದನಿ ಕೇಳಿಸಿತು: "ಮತ್ತೆ ಬಂದ್ಯಾ? ನನ್ನ ಉಸಿರು ಎಣಿಸೋಕೆ ಮೇಲೊಬ್ಬ ಕೂತಿದಾನೆ, ಅವನ ಕೆಲಸ ನೀನ್ಯಾಕೆ ಕಿತ್ಕೋತೀಯ?"

ಮೂರು ದಿನದಿಂದ ಹೀಗೆ. ಮೂರು ದಿನದ ಹಿಂದೆ ಅವಳ ವಾರ್ಡಿನ ಒಂಬತ್ತನೇ ಹಾಸಿಗೆಯ ಬಡಗಿ ತೀರಿಕೊಂಡರು. ಇವಳು ಕೇಸ್ ಸ್ಟಡಿಗೆಂದು ಆರಿಸಿಕೊಂಡಿದ್ದ ರೋಗಿ ಅವರು. ಅವರ ಕಾಯಿಲೆ, ಆರೈಕೆ ಎಲ್ಲವನ್ನೂ ಫೈಲಿನಲ್ಲಿ ಬರೆದು, ಇವತ್ತು ಹತ್ತು ಗಂಟೆಗೆ ಕ್ಲಾಸಿನ ಮುಂದೆ ಓದಬೇಕು. ಓದದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಒಂದು ವರ್ಷ ಹೋದಂತೆ. ನಾನು ಹೆದರಿದ್ದು ಅದಕ್ಕಲ್ಲ. ಮೂರು ದಿನದಿಂದ ಅವಳು ತಟ್ಟೆ ಮುಂದೆ ಕೂತು ಹಾಗೇ ಎದ್ದು ಹೋಗುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು "ಅಮ್ಮ" ಎನ್ನುವಳು. "ಏನು ಕಂದ" ಎಂದರೆ "ಏನಿಲ್ಲ" ಎನ್ನುವಳು. ಗಂಟಲಲ್ಲಿ ಒಂದು ಪ್ರಶ್ನೆ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಮುಳ್ಳನ್ನು ಎಳೆಯಲು ಹೋದರೆ ಇನ್ನೂ ಒಳಗಿಳಿಯುತ್ತದೆ. ಕಾಯುತ್ತಿದ್ದೆ. ಅವಳಪ್ಪ ಲಾರಿ ತೆಗೆದುಕೊಂಡು ಹೋಗಿ ಐದು ದಿನವಾಗಿತ್ತು. ಫೋನಿನಲ್ಲಿ ಹೇಳುವ ಮಾತೂ ಅಲ್ಲ.

ಒಲೆ ಒರೆಸಿ ತಿರುಗುವಷ್ಟರಲ್ಲಿ ಬಚ್ಚಲಿನ ಚಿಲಕ ಬಿತ್ತು.

ನೀರಿನ ಸದ್ದಿಲ್ಲ. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ. "ಆಯ್ತಾ?" ಎಂದು ಕೇಳಿದೆ. "ಹೂಂ" ಎಂದಿತು ದನಿ. ಅಷ್ಟೇ.

ಆಗ ಬಂದವಳು ಗುಬ್ಬಿ, ಅವಳ ಜೊತೆ ಓದುವವಳು. ಚಿಲಿಪಿಲಿ ಬಾಯಿಗೆ ಮನೆಯವರೇ ಇಟ್ಟ ಹೆಸರು. ಇಬ್ಬರೂ ದಿನಾ ಒಂದೇ ಬಸ್ಸಿಗೆ ಹೋಗುವವರು.

"ಇನ್ನೂ ಹೊರಟಿಲ್ವಾ ಆಂಟಿ? ಇವತ್ತು ಹೀರೋಯಿನ್ನೇ ಅವಳು. ನಿನ್ನೆ ಮೇಡಂ ಇವಳ ಫೈಲು ಮೇಲೆತ್ತಿ, ಕೇಸ್ ಸ್ಟಡಿ ಅಂದ್ರೆ ಹೀಗಿರ್ಬೇಕು ಅಂತ ನಮಗೆಲ್ಲ ಮಂಗಳಾರತಿ ಮಾಡಿದ್ರು."

ಫೈಲು ಮೇಜಿನ ಮೇಲಿತ್ತು. ಕೈ ಸುಮ್ಮನಿರಲಿಲ್ಲ, ತೆರೆದೆ. ಮುತ್ತು ಪೋಣಿಸಿದ ಅಕ್ಷರ. ವಯಸ್ಸು ಅರವತ್ನಾಲ್ಕು. ಕರುಳಿನ ಆಪರೇಷನ್. ಇಬ್ಬರು ಹೆಣ್ಣುಮಕ್ಕಳು. ಆಸ್ಪತ್ರೆಯ ಮಂಚ ಕಿರುಗುಟ್ಟುತ್ತದೆ, ಒಂದು ಉಳಿ ತಂದುಕೊಟ್ಟರೆ ಸರಿ ಮಾಡಿಕೊಡುತ್ತೇನೆ ಎನ್ನುತ್ತಾರೆ ಎಂದು ಕೂಡ ಬರೆದಿದ್ದಳು. ಆಮೇಲಿನ ಹಾಳೆಯಲ್ಲಿ ಆರೈಕೆಯ ಯೋಜನೆ: ಉಸಿರಾಟವನ್ನು ತಪ್ಪದೆ ಗಮನಿಸುವುದು. ಅದರ ಕೆಳಗೆ ಗೆರೆ.

ಮುಂದಿನ ಹಾಳೆ ಚಾರ್ಟಿನದು. ಎರಡು ವರ್ಷ ಗೊಂಬೆಯಾಗಿ ನನಗೂ ಅಷ್ಟಿಷ್ಟು ಗೊತ್ತಾಗುತ್ತದೆ. ಜ್ವರದ ಕಾಲಂ ಏರಿಳಿದಿತ್ತು. ನಾಡಿಯದು ಎಂಬತ್ನಾಲ್ಕು, ತೊಂಬತ್ತಾರು, ನೂರ ಹನ್ನೆರಡು ಎಂದು ಏರಿಕೊಂಡೇ ಹೋಗಿತ್ತು. ಪಕ್ಕದ ಉಸಿರಿನ ಕಾಲಮ್ಮಿನಲ್ಲಿ ಹದಿನೆಂಟು, ಹದಿನೆಂಟು, ಇಪ್ಪತ್ತು, ಹದಿನೆಂಟು, ಹದಿನೆಂಟು.

"ಗುಬ್ಬಿ, ನಾಡಿ ಹೀಗೆ ಓಡ್ತಿರುವಾಗ ಉಸಿರು ಮಾತ್ರ ಯಾಕಮ್ಮ ಹಾಯಾಗಿ ಕೂತಿದೆ?"

ಅವಳ ಮುಖ ಇಳಿಯಿತು. ಬಚ್ಚಲ ಕಡೆ ನೋಡಿ, ದನಿ ತಗ್ಗಿಸಿದಳು.

"ಎಲ್ಲರೂ ಹಾಗೇ ಬರೆಯೋದು ಆಂಟಿ. ಜ್ವರ, ನಾಡಿ, ಬೀಪಿ ಎಲ್ಲ ಮಷೀನ್ ಹೇಳ್ಬಿಡುತ್ತೆ. ಉಸಿರಿಗೆ ಮಾತ್ರ ನಾವೇ ನಿಂತು ಎಣಿಸ್ಬೇಕು. ಮೂವತ್ತು ಹಾಸಿಗೆ, ಮೂವತ್ತು ನಿಮಿಷ. ಏಳೂವರೆಗೆ ಮೇಡಂ ರೌಂಡ್ಸ್ ಬರೋ ಹೊತ್ತಿಗೆ ಚಾರ್ಟ್ ತುಂಬಿರ್ಬೇಕು. ಸೀನಿಯರ್ಸೇ ಹೇಳ್ಕೊಟ್ಟಿದ್ದು. ಹದಿನೆಂಟು ಬರಿ, ನಡುವೆ ಒಂದು ಇಪ್ಪತ್ತು ಹಾಕು, ಆಗ ಅನುಮಾನ ಬರಲ್ಲ ಅಂತ."

"ಆವತ್ತು ಬೆಳಿಗ್ಗೆ?"

"ಆವತ್ತೂ ಹದಿನೆಂಟೇ. ಹನ್ನೊಂದಕ್ಕೆ ಡಾಕ್ಟರ್ ಬಂದಾಗ ಮೂವತ್ತೆಂಟಿತ್ತಂತೆ. ತಕ್ಷಣ ಐಸಿಯುಗೆ ಹಾಕಿದ್ರು. ಮಧ್ಯಾಹ್ನ..." ಅವಳು ಬ್ಯಾಗಿನ ಪಟ್ಟಿ ತಿರುಚಿದಳು. "ಇವಳು ಬೆಳಿಗ್ಗೆಯಿಂದ ಅವರ ಪಕ್ಕದಲ್ಲೇ ಇದ್ಳು ಆಂಟಿ. ಸ್ಟೂಲ್ ಹಾಕ್ಕೊಂಡು ಕೂತು, ಈ ಫೈಲೇ ಬರೀತಿದ್ಳು."

ನಾನು ಫೈಲು ಮುಚ್ಚಿದೆ. ಅವರ ಮಗ್ಗುಲಲ್ಲೇ ಕೂತು, ತಲೆ ಬಗ್ಗಿಸಿ, ಉಸಿರಾಟವನ್ನು ತಪ್ಪದೆ ಗಮನಿಸುವುದು ಎಂದು ಬರೆದು, ಸ್ಕೇಲಿಟ್ಟು ಗೆರೆ ಎಳೆದಿದ್ದಾಳೆ ನನ್ನ ಮಗಳು.

"ಯಾರೂ ಕೇಳಿಲ್ಲ" ಎಂದಳು ಗುಬ್ಬಿ. "ಕೇಳೋದೂ ಇಲ್ಲ. ಓದಿ ಮುಗಿಸಿಬಿಟ್ರೆ ಆಯ್ತು. ಅದನ್ನ ಅವಳಿಗೆ ನೀವೇ ಹೇಳಿ ಆಂಟಿ. ನನ್ನ ಹತ್ರ ಮಾತೇ ಬಿಟ್ಟಿದಾಳೆ."

ಹೇಳಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೇಳಿದೆ. ಹೆತ್ತವರಿಗೆ ಹೆಗ್ಗಣವೂ ಮುದ್ದು ಎನ್ನುತ್ತಾರಲ್ಲ. ಆ ಗಳಿಗೆಯಲ್ಲಿ ಆ ಬಡಗಿ ನನಗೆ ಯಾರೂ ಆಗಿರಲಿಲ್ಲ, ಅವರ ಇಬ್ಬರು ಹೆಣ್ಣುಮಕ್ಕಳೂ ಯಾರೂ ಆಗಿರಲಿಲ್ಲ. ಬಚ್ಚಲ ಬಾಗಿಲಿಗೆ ಬಾಯಿಟ್ಟು, "ಕಂದ, ಹೋಗಿ ಓದಿ ಬಂದ್ಬಿಡು. ಯಾರೂ ಏನೂ ಕೇಳಲ್ವಂತೆ" ಎಂದೆ.

ಒಳಗೆ ಏನೋ ಬಿದ್ದ ಸದ್ದು. ಬಳಿಕ ಅದೂ ಇಲ್ಲ.

ಆ ಮೌನದಲ್ಲಿ, ಒಳಗೆ ಏನೇನು ಸಾಮಾನುಗಳಿವೆ ಎಂದು ನನ್ನ ಮನಸ್ಸು ತಾನಾಗಿ ಒಂದೊಂದನ್ನೇ ಎತ್ತಿ ನೋಡತೊಡಗಿತು. ಬಾಗಿಲ ಬುಡದಲ್ಲೇ ಕೂತೆ. ಬಾಗಿಲು ತಟ್ಟಿದೆ. ಭುಜ ಕೊಟ್ಟು ನೂಕಿದೆ. ಕೋಣೆಯಿಂದ ಅತ್ತೆ "ಏನಾಯ್ತೇ, ಏನಾಯ್ತೇ" ಎನ್ನುತ್ತಿದ್ದರು. ಗುಬ್ಬಿ ಗೋಡೆಗೆ ಒರಗಿ ಅಳುತ್ತಿದ್ದಳು.

"ಬಾಗಿಲು ತೆಗಿ" ಎಂದೆ. "ನಾನು ಆಗ ಹೇಳಿದ್ದು ತಪ್ಪು. ಓದ್ಬೇಡ. ಹೋಗ್ಲೂ ಬೇಡ. ವರ್ಷ ಹೋಗ್ಲಿ, ಓದೇ ಹೋಗ್ಲಿ. ನೀನು ಹೊರಗೆ ಬಾ, ಅಷ್ಟೇ. ನೀನು ಬರೋವರೆಗೆ ನಾನು ಇಲ್ಲಿಂದ ಏಳಲ್ಲ."

ಬಾಗಿಲಡಿಯ ಸಂದಿಯಲ್ಲಿ ಅವಳ ನೆರಳು ಅಲುಗಿತು. ಬಾಗಿಲಿನ ಆ ಬದಿಗೆ ಬೆನ್ನು ಕೊಟ್ಟು ಅವಳೂ ನೆಲಕ್ಕೆ ಕೂತಿದ್ದು ಹಲಗೆಯಲ್ಲಿ ತಿಳಿಯಿತು.

"ಗೊತ್ತಾಯ್ತಾ ನಿಂಗೆ?" ಎಂದಳು.

"ಗೊತ್ತಾಯ್ತು."

"ಅವರು ನನ್ನ ಹತ್ರ ನೀರು ಕೇಳಿದ್ರಮ್ಮ. ಬೆಳಿಗ್ಗೆ. ಮಾತು ಮುರಿದು ಮುರಿದು ಬರ್ತಿತ್ತು. ಈ ಸಾಲು ಮುಗಿಸಿ ಕೊಡ್ತೀನಿ ತಾತ ಅಂದೆ. ಆಯ್ತು ಡಾಕ್ಟರಮ್ಮ, ನಿನ್ನ ಬರವಣಿಗೆ ಮುಗೀಲಿ ಅಂದ್ರು."

ನಿನ್ನ ತಪ್ಪಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡೆ. ಅದು ಸುಳ್ಳೋ ನಿಜವೋ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಬರೆದದ್ದಕ್ಕೇ ಅವಳು ಒಳಗೆ ಕೂತಿದ್ದಳು.

"ಅಮ್ಮ" ಎಂದಳು.

"ಹೇಳು."

"ಏನಿಲ್ಲ."

ಚಿಲಕ ಸರಿಯಿತು. ಸಮವಸ್ತ್ರ ತೊಟ್ಟು, ಪಿನ್ನು ಚುಚ್ಚಿ, ಕೂದಲು ಬಿಗಿದು ಕಟ್ಟಿ ನಿಂತಿದ್ದಳು. ಕಣ್ಣು ಮಾತ್ರ ಬೇರೆ ಯಾರದೋ. "ಬಸ್ಸು ತಪ್ಪುತ್ತೆ" ಎಂದು ಫೈಲು ಎತ್ತಿಕೊಂಡಳು. ನಾನು ಪಕ್ಕದ ಮನೆಯವಳನ್ನು ಕೂಗಿ ಅತ್ತೆಯ ಹತ್ತಿರ ಕೂರಿಸಿ, ಉಟ್ಟ ಸೀರೆಯಲ್ಲೇ ಹುಡುಗಿಯರ ಹಿಂದೆ ಓಡಿದೆ. ಬರಬೇಡ ಎಂದು ಅವಳು ಹೇಳಲಿಲ್ಲ. ಬಸ್ಸಿನಲ್ಲಿ ಎದುರಿನ ಸೀಟಿನಲ್ಲಿ ತಾಯಿಯ ಹೆಗಲ ಮೇಲೆ ಮಲಗಿದ್ದ ಕೂಸಿನ ಬೆನ್ನನ್ನೇ ಅವಳು ನೋಡುತ್ತಿದ್ದಳು, ತುಟಿ ಅಲುಗುತ್ತಿತ್ತು.

ಕಾಲೇಜಿನ ಮೊದಲ ಮಹಡಿ, ಉದ್ದ ಕಾರಿಡಾರು. ಕ್ಲಾಸಿನ ಬಾಗಿಲಲ್ಲಿ ಟ್ಯೂಟರ್ ಮೇಡಂ ನಿಂತಿದ್ದರು. ನೆಟ್ಟಗಿನ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ.

"ಪೋಷಕರ ಸಭೆ ಇವತ್ತಲ್ವಲ್ಲ" ಎಂದರು.

"ಇಲ್ಲೇ ಬೆಂಚಿನ ಮೇಲೆ ಕೂತಿರ್ತೀನಿ ಮೇಡಂ. ಅವಳಿಗೆ ಮೈ ಸರಿಯಿಲ್ಲ."

ಅವರು ನನ್ನನ್ನೂ ಅವಳನ್ನೂ ಒಮ್ಮೆ ನೋಡಿ, ಬಾಗಿಲನ್ನು ಪೂರ್ತಿ ಮುಚ್ಚದೆ ಒಳಗೆ ಹೋದರು.

ಓದುವುದು ಶುರುವಾಯಿತು. ವಯಸ್ಸು ಅರವತ್ನಾಲ್ಕು, ವೃತ್ತಿ ಬಡಗಿ. ಕಂಠಪಾಠ ಒಪ್ಪಿಸುವವಳ ದನಿ. ಓದಿಬಿಡುತ್ತಾಳೆ ಅಂದುಕೊಂಡೆ. ಓದಿಬಿಡಲಿ ಎಂದೂ, ಓದದಿರಲಿ ಎಂದೂ, ಎರಡನ್ನೂ ಒಟ್ಟಿಗೆ ಬೇಡಿಕೊಂಡೆ. ಉಗುರು ಬೆಂಚಿನ ಮರಕ್ಕೆ ನೆಟ್ಟಿತ್ತು. ಆಪರೇಷನ್ ಆಯಿತು, ಮೂರನೇ ದಿನ ಬಂತು. ನಾಡಿ ನೂರ ಹನ್ನೆರಡು.

ದನಿ ನಿಂತಿತು.

"ಮುಂದೆ" ಎಂದರು ಮೇಡಂ. "ಉಸಿರಾಟ ಎಷ್ಟು?"

"ಹದಿನೆಂಟು ಅಂತ ಬರೆದಿದೆ."

"ಬರೆದಿದೆ ಅಂದ್ರೆ?"

"ನಾನು ಎಣಿಸಿಲ್ಲ ಮೇಡಂ."

ಒಳಗೆ ಯಾರದೋ ಪೆನ್ನು ಉರುಳಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ.

"ಆವತ್ತು ಎಣಿಸ್ಲಿಲ್ವಾ?"

"ಯಾವತ್ತೂ ಎಣಿಸಿಲ್ಲ. ಅವರದ್ದಲ್ಲ, ಯಾರದ್ದೂ ಇಲ್ಲ."

ನಾನು ಎದ್ದು ಬಾಗಿಲಿನ ಹತ್ತಿರ ಹೋದೆ. ಸಾಲು ಸಾಲಾಗಿ ಬಿಳಿ ಬಟ್ಟೆಯ ಹುಡುಗಿಯರು, ಎಲ್ಲರ ತಲೆಯೂ ಕೆಳಗೆ. ಗುಬ್ಬಿ ಮುಖ ಮುಚ್ಚಿಕೊಂಡಿದ್ದಳು. ಮೇಡಂ ಕನ್ನಡಕ ತೆಗೆದು, ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದರು. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಅವರೂ ಒಂದು ಕಾಲದಲ್ಲಿ ಆ ಮೂವತ್ತು ಹಾಸಿಗೆಗಳ ನಡುವೆ ಓಡಿದವರೇ ಇರಬೇಕು.

"ಕೂತ್ಕೋ" ಎಂದರು. "ಆಮೇಲೆ ನನ್ನ ರೂಮಿಗೆ ಬಾ. ಮಾತಾಡೋಣ."

ಅವಳು ಕೂರಲಿಲ್ಲ. ಫೈಲನ್ನು ಮೇಜಿನ ಮೇಲಿಟ್ಟಳು. ಮೂರು ದಿನದಿಂದ ನನ್ನ ಅಡುಗೆಮನೆಯ ಬಾಗಿಲಲ್ಲಿ ತೆರೆದು ಮುಚ್ಚಿಕೊಳ್ಳುತ್ತಿದ್ದ ಬಾಯಿ ತೆರೆಯಿತು. ನನ್ನನ್ನು ಕೇಳದೆ ಅವಳು ಸರಿಯಾದವರನ್ನೇ ಕೇಳಿದಳು.

"ಮೇಡಂ, ಬೆಳಿಗ್ಗೆ ನಾನು ಬರೆಯೋದು ನಿಲ್ಸಿ, ಎಣಿಸಿ, ಸಿಸ್ಟರ್‌ಗೆ ಹೇಳಿದ್ರೆ, ಅವರು ಉಳೀತಿದ್ರಾ?"