ಅಪ್ಪನ ಬಗ್ಗೆ ನಾಲ್ಕು ಮಾತು

ದೇವಿಂದ್ರ ಮಾಸ್ತರು ಮೈಕು ಚಾಚಿದಾಗ ಸಾಯಿಕುಮಾರ ಅದನ್ನು ಕಸಿದುಕೊಂಡಂತೆಯೇ ಇಸಕೊಂಡ. ಅಂದು ಅವನ ಅಪ್ಪ ರಾಮಲಿಂಗನ ಪುಣ್ಯಾನುಮೋದನೆ, ತೀರಿಕೊಂಡವರನ್ನು ನೆನೆಯುವ ಕಾರ್ಯ. ಶಹಾಬಾದದ ಓಣಿಯ ಬುದ್ಧ ವಿಹಾರದ ಮುಂದೆ ಜಮಖಾನೆ ಹಾಸಿ ಕೂತ ಜನ ಒಬ್ಬೊಬ್ಬರಾಗಿ ಎದ್ದು, ಫೋಟೋಕ್ಕೆ ಕೈಮುಗಿದು, ಸತ್ತವನ ಗುಣ ಹೇಳಿ ಕೂಡುತ್ತಿದ್ದರು. ಬದುಕಿದರೆ ರಾಮಲಿಂಗನ ಹಾಗೆ ಬದುಕಬೇಕು ಅಂದರು. ಕುಡಿಯಲಿಲ್ಲ, ಕದಿಯಲಿಲ್ಲ, ಒಬ್ಬರ ಮನಸ್ಸು ಮುರಿಯಲಿಲ್ಲ ಅಂದರು. ಮನುಷ್ಯ ಹೋದಮೇಲೆ ಉಳಿಯುವುದು ಅವನ ನಡತೆಯೊಂದೇ ಎಂದು ಮಾಸ್ತರು ಹೇಳಿದಾಗಂತೂ ಹೆಂಗಸರು ಸೆರಗನ್ನು ಕಣ್ಣಿಗೆ ಹಚ್ಚಿದರು.

ಸತ್ತ ಎಮ್ಮೆಗೆ ಹಾಲು ಬಹಳ, ಎಂದು ಸಾಯಿಕುಮಾರ ಹಲ್ಲು ಕಡಿದ. ಒಂಬತ್ತನೆಯ ತರಗತಿಯಲ್ಲಿದ್ದಾಗ, ಗಣಿತ ಪರೀಕ್ಷೆಯ ಮುಂಜಾನೆ, ಅವನ ಹೆಗಲಿನ ಚೀಲ ಇಳಿಸಿ, ಶಾಲೆ ಇನ್ನು ಸಾಕು ಎಂದಷ್ಟೇ ಹೇಳಿ, ರಟ್ಟೆ ಹಿಡಿದು ಎಳೆದೊಯ್ದು ನೆಲಕ್ಕೆ ಹಾಸುವ ಫರ್ಸಿಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ ನಿಲ್ಲಿಸಿದವನು ಇದೇ ರಾಮಲಿಂಗ. ಯಾಕೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಅಂದಿನಿಂದ ಮಗ ಅವನನ್ನು ಅಪ್ಪಾ ಎಂದು ಕರೆದಿರಲಿಲ್ಲ. ಕಡೆಗಾಲದಲ್ಲಿ ರಾಮಲಿಂಗ ರಕ್ತ ಕೆಮ್ಮುತ್ತಿದ್ದಾಗಲೂ ಗೋಡೆಯ ಈಚೆ ಮೊಬೈಲಿನ ದನಿ ಜೋರು ಮಾಡಿಕೊಂಡು ಮಲಗಿದ್ದ.

"ಎಲ್ಲರೂ ಭಾಳ ಛಲೋ ಮಾತಾಡಿದ್ರಿ," ಎಂದ. "ಈಗ ನಂದೂ ಒಂದೀಟು ಕೇಳ್ರಿ. ಈ ದೊಡ್ಡ ಮನುಷ್ಯಾ ತನ್ನ ಮಗನ ಬಾಳೇ ಹಾಳ ಮಾಡ್ಯಾನ."

ಮಾಸ್ತರು ಅವನ ಅಂಗಿ ಜಗ್ಗಿ, ಇವತ್ತು ಬೇಡಪ್ಪ ಎಂದು ಪಿಸುಗುಟ್ಟಿದರು. ಸಾಯಿಕುಮಾರ ಕೊಸರಿಕೊಂಡ. ಇಷ್ಟು ವರ್ಷ ನುಂಗಿದ್ದನ್ನೆಲ್ಲ ಇವರ ಮುಂದೆ ಕಾರಬೇಕು, ಆ ಹೆಸರನ್ನು ಹಸನಾಗಿ ಉಳಿಯಗೊಡಬಾರದು ಎಂದೇ ಬಂದಿದ್ದ. ಚೀಲ ಇಳಿಸಿದ ಮುಂಜಾನೆಯಿಂದ ಶುರು ಮಾಡಿದ.

"ನಿನ್ನ ಶಾಲಿ ಬಿಡಿಸಿದಾಕಿ ನಾ."

ಫೋಟೋದ ಪಕ್ಕ ಕೂತಿದ್ದ ಅವ್ವ ಮಾಣಿಕಮ್ಮ ಎದ್ದು ನಿಂತಿದ್ದಳು. ಸಾಯಿಕುಮಾರ ನಕ್ಕುಬಿಟ್ಟ. ಗಂಡನ ಮಾನ ಕಾಯಲು ಸುಳ್ಳು ಹೇಳುತ್ತಿದ್ದಾಳೆ, ಹೇಳಲಿ, ಅಂದುಕೊಂಡ.

ಅವಳು ಇನ್ನೊಬ್ಬರ ಮನೆಯ ಸುದ್ದಿ ಹೇಳುವಂತೆ ಹೇಳುತ್ತ ಹೋದಳು. ಕಲ್ಲಿನ ದೂಳು ಆಗಲೇ ಗಂಡನ ಎದೆಗೆ ಕೂತಿತ್ತು, ಕಲ್ಲೆತ್ತುವ ಕಸುವು ಹೋಗಿತ್ತು. ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆಂದು ಮಾಲೀಕ ಹೇಳಿಕಳಿಸಿದಾಗ, ಯಾರಿಗೂ ತಿಳಿಸದೆ ಹೋಗಿ, ಮಗನನ್ನು ಕಳಿಸುತ್ತೇನೆಂದು ಒಪ್ಪಿ ಬಂದವಳು ಅವಳೇ. ತಾನು ಸತ್ತರೂ ಸರಿ ಹುಡುಗ ಓದಲಿ ಎಂದು ರಾಮಲಿಂಗ ಜಗಳಾಡಿದ, ಉಪವಾಸ ಬಿದ್ದ. ಅವಳು ಬಗ್ಗಲಿಲ್ಲ.

"ಕಡೀಕ ನಾನೇ ಅಂದೆ. ಹುಡುಗ ನನ್ನ ಕೈಯಾಗ ಉಣ್ಣಾಂವ. ನನ್ನ ಮ್ಯಾಲ ಸಿಟ್ಟಾದ್ರ ಉಣ್ಣಂಗಿಲ್ಲ, ಮನಿ ಬಿಟ್ಟು ಹೋಗ್ತಾನ. ಸಿಟ್ಟು ನಿನ್ನ ಮ್ಯಾಲ ಇರಲಿ, ನೀನೇ ಹೇಳು ಅಂದೆ. ಹೂಂ ಅಂದ. ಸಾಯೋತನಕಾ ಯಾರ ಮುಂದೂ ಹೇಳಲಿಲ್ಲ."

ಮೈಕು ಇನ್ನೂ ಸಾಯಿಕುಮಾರನ ಬಾಯಿಯ ಹತ್ತಿರವೇ ಇತ್ತು. ಅವನ ಉಸಿರು ಓಣಿತುಂಬ ಕೇಳುತ್ತಿತ್ತು.

"ಅಂವ ಸಾಯಾಕತ್ತಿದಾಗರೆ ಹೇಳಬೇಕಿಲ್ಲೇನವ್ವ?"

"ಅಂಜಿದೆ," ಎಂದಳು ಮಾಣಿಕಮ್ಮ. "ಅಪ್ಪಗ ಮಾಡಿದಂಗ ನನಗೂ ಮಾಡ್ತೀ ಅಂತ ಅಂಜಿದೆ."

ಮಾಸ್ತರು ಮೈಕು ಬಂದ್ ಮಾಡಿದರು. ಏನು ಮಾಡಬೇಕೆಂದು ತಿಳಿಯದೆ ಯಾರೋ ಊಟದ ಪಂಕ್ತಿ ಹಾಕಿಸಿದರು. ಜನ ತಲೆ ತಗ್ಗಿಸಿ ಉಂಡು ಎದ್ದು ಹೋದರು. ಮಾಣಿಕಮ್ಮ ಮಗನ ಎಲೆಗೆ ತಾನೇ ಅನ್ನ ಬಡಿಸಿ, ಸಾರು ಹಾಕಿ, ಎದುರಿಗೆ ಕೂತಳು. ಉಣ್ಣು ಎನ್ನಲಿಲ್ಲ. ಅವನು ಅವಳ ಕೈಗಳನ್ನೇ ನೋಡುತ್ತಿದ್ದ. ಬಿಸಿಲು ಜಮಖಾನೆಯ ಮೇಲಿಂದ ಸರಿದು ಎಲೆಯ ತನಕ ಬಂತು. ಅನ್ನದ ಅಂಚು ಒಣಗತೊಡಗಿತು. ಅವ್ವ ಎಲೆ ಎತ್ತಲಿಲ್ಲ, ಮಗ ಕೈ ಹಚ್ಚಲಿಲ್ಲ.