ಓವನ್ನಿನೊಳಗಿನ ಹಪ್ಪಳ

ಈ ಕಥೆಯನ್ನು ಮೊದಲು ಹೇಳಿದವರು ಮಾಸ್ತಿಕಟ್ಟೆಯ ದುಗ್ಗಮ್ಮ; ೨೦೨೪ರ ಮೇ ಕೊನೆಯ ವಾರದ ಒಂದು ಮಧ್ಯಾಹ್ನ, ಮಹಿಳಾ ಸಂಘದ ಕಟ್ಟಡದ ಮುಂದೆ ಹೆಂಗಸರು ಹಲಸಿನ ಹಪ್ಪಳ ಒತ್ತುತ್ತಿದ್ದಾಗ. ಸಾಗರದ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಕಸ ಗುಡಿಸಿ, ಆಗಷ್ಟೇ ಕೆಲಸ ಬಿಟ್ಟು ಊರಿಗೆ ಮರಳಿದ್ದ ಅವರು ಹೇಳಿದ ಕ್ರಮದಲ್ಲಿಯೇ ಇಲ್ಲಿ ಕೊಟ್ಟಿದೆ. ಕಥೆಯೊಳಗಿನ ಹಪ್ಪಳಗಳು ಆರುನೂರು ಎಂದು ಅವರ ಲೆಕ್ಕ. ಹೊಸನಗರದಲ್ಲಿ ಇದನ್ನೇ ಹೇಳಿದ ಬಂಗಾರಮ್ಮ ಎರಡು ಸಾವಿರಕ್ಕೆ ಏರಿಸಿದ್ದಾರೆ. ಉಳಿದಂತೆ ಭೇದವಿಲ್ಲ.

ಕಾರ್ಖಾನೆ ಶ್ರೀಕರ ಎಂಬವರದು. ಸೇನೆಗೆ ರೇಡಿಯೋ ಮಾಡಿಕೊಡುವ ಬೆಂಗಳೂರಿನ ಕಂಪನಿಯೊಂದಕ್ಕೆ ಅಲ್ಲಿಂದ ಕನೆಕ್ಟರುಗಳು ಹೋಗುತ್ತಿದ್ದವು: ಹೆಬ್ಬೆರಳಿನ ಗಾತ್ರದ ಕೊಂಡಿ, ಒಳಗೆ ಬೆಳ್ಳಿಯ ಲೇಪವಿದ್ದ ಹತ್ತೊಂಬತ್ತು ಸಣ್ಣ ಕಡ್ಡಿಗಳು. ಗಡಿಯಲ್ಲಿ ನಿಂತವನ ಮಾತು ಈ ಕಡ್ಡಿಗಳ ಮೂಲಕವೇ ಸಾಗಬೇಕು. ಶ್ರೀಕರರು ಇದನ್ನು ದೇಶಸೇವೆ ಎನ್ನುತ್ತಿದ್ದರು. ಬಾಗಿಲ ಮೇಲೆ ಹಾಗೆಂದು ಬರೆಸಿಯೂ ಇದ್ದರು. ಪ್ಯಾಕ್ ಮಾಡುವ ಮೊದಲು ಪ್ರತಿ ಕನೆಕ್ಟರನ್ನೂ ಇಡೀ ದಿನ ಓವನ್ನಿನಲ್ಲಿಟ್ಟು ತೇವ ತೆಗೆಯಬೇಕೆಂಬುದು ನಿಯಮ.

ದುಗ್ಗಮ್ಮ ಈ ಕಥೆ ಹೇಳಿದ್ದಕ್ಕೆ ಹಿಂದಿನ ವರ್ಷದ ಜೂನಿನಲ್ಲಿ, ಶ್ರೀಕರರ ಮನೆಯಲ್ಲಿ ಹಪ್ಪಳ ಒತ್ತಿದ ಮರುದಿನವೇ ಮಳೆ ಹಿಡಿಯಿತು. ಬಿಸಿಲಿಲ್ಲದೆ ಹಪ್ಪಳ ಬೂಸ್ಟು ಹಿಡಿಯುವಂತಾಯಿತು. ದೇಶಸೇವೆಯ ಓವನ್ನಿನ ಕೆಳಗಿನ ತಟ್ಟೆಗಳೋ ಖಾಲಿ ಇದ್ದವು. ಅಪ್ಪಣೆಯಂತೆ ಹರಡಿದವರು ದುಗ್ಗಮ್ಮನೇ. ಮೇಲೆ ಕನೆಕ್ಟರು, ಕೆಳಗೆ ಹಪ್ಪಳ. ಹೀಗೆ ಮೂರು ವಾರ. ಸುದ್ದಿ ಹಬ್ಬಿ ನೆಂಟರ ಮನೆಯ ಹಪ್ಪಳಗಳೂ ಬಂದವು.

ದೀಪಾವಳಿಯ ಹೊತ್ತಿಗೆ ಸರಕು ವಾಪಸು ಬಂತು. ರೇಡಿಯೋಗಳು ಮಾತಿನ ನಡುವೆ ಮೂಕವಾಗುತ್ತಿದ್ದವಂತೆ, ಕಡ್ಡಿಗಳು ಕಪ್ಪಾಗಿದ್ದವು. ಶ್ರೀಕರರು ಕಾರಣ ಹುಡುಕಲು ಸಮಿತಿಯೊಂದನ್ನು ರಚಿಸಿದರು. ಅದರಲ್ಲಿ ಅವರು, ಅವರ ಭಾವಮೈದುನ ಮತ್ತು ಅವರ ಡ್ರೈವರ್ ಇದ್ದರು. ಸಮಿತಿಯು ಮೊದಲು ಸಾಗರದ ಹವೆಯನ್ನು ಶಂಕಿಸಿತು. ಅನಂತರ ದೃಷ್ಟಿಯಾಗಿದೆಯೆಂದು ಯಂತ್ರಗಳಿಗೆ ನಿಂಬೆಹಣ್ಣು ಕಟ್ಟಿಸಿತು. ಕೊನೆಗೆ ತಪಾಸಣೆಯ ಕಾಗದದ ಮೇಲಿದ್ದ ಒಂದೇ ಒಂದು ಸಹಿಯನ್ನು ಹಿಡಿಯಿತು.

ಸಹಿ ಅರಳಸುರಳಿಯ ಚೈತನ್ಯಾಳದು. ಡಿಪ್ಲೊಮಾ ಓದಿದವಳು, ನಾಲ್ಕು ವರ್ಷದಿಂದ ಅಲ್ಲಿ ತಪಾಸಣೆ ಮಾಡುತ್ತಿದ್ದವಳು. ಓವನ್ನಿನ ಕೋಣೆ ಆಕೆಯ ಸುಪರ್ದಿಯಲ್ಲಿರಲಿಲ್ಲ; ಆಕೆ ನೋಡಿದ ದಿನ ಕಡ್ಡಿಗಳೆಲ್ಲ ಬೆಳ್ಳಗೇ ಇದ್ದವು, ಕಪ್ಪಾದದ್ದು ಆಮೇಲೆ, ನಿಧಾನವಾಗಿ. ಆದರೂ ‘ನನ್ನ ಅಜಾಗರೂಕತೆಯಿಂದ’ ಎಂದು ಆರಂಭವಾಗುವ ಪತ್ರವೊಂದು ಸಿದ್ಧವಾಯಿತು. ಬೆಂಗಳೂರಿನವರು ಬರುವ ಸೋಮವಾರದೊಳಗೆ ಆಕೆ ಅದಕ್ಕೆ ಸಹಿ ಹಾಕಬೇಕಿತ್ತು. ಹಾಕಿದರೆ ಆ ಕಸುಬಿನಲ್ಲಿ ಮತ್ತಾರೂ ಆಕೆಯನ್ನು ಸೇರಿಸಿಕೊಳ್ಳಲಾರರು.

ಚೈತನ್ಯಾ ಹಾಕಲಿಲ್ಲ. ಓವನ್ನಿನಿಂದ ಬಂದ ಪ್ರತಿ ಬ್ಯಾಚಿನ ಒಂದು ಕನೆಕ್ಟರನ್ನು ತಾರೀಖು ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ತೆಗೆದಿಡುವುದು ಆಕೆಯ ರೂಢಿ. ಸಮಿತಿಯ ಮೂವರೂ ಅದಕ್ಕೆ ನಕ್ಕವರೇ. ಸೋಮವಾರ ಕಂಪನಿಯ ಪೂರ್ಣೇಶರ ಮುಂದೆ ಅವನ್ನು ಸಾಲಾಗಿ ಜೋಡಿಸಿದಳು. ಮೇ ತಿಂಗಳವರೆಗೆ ಬಿಳಿ, ಜೂನಿನ ಮೂರು ವಾರ ಕಪ್ಪು, ಆಮೇಲೆ ಮತ್ತೆ ಬಿಳಿ. ಆ ಮೂರು ವಾರ ಇಲ್ಲಿ ಬೇರೆ ಏನು ನಡೆಯಿತೆಂದು ಪೂರ್ಣೇಶರು ಕೇಳಿದರು. ಸಮಿತಿ ಛಾವಣಿ ನೋಡಿತು.

ದುಗ್ಗಮ್ಮ ಕಸಬರಿಗೆಯನ್ನು ಗೋಡೆಗೆ ಒರಗಿಸಿದರು. “ನಾ ಹೇಳ್ತೀನಿ ಸಾರ್. ಅಯ್ಯೋರ ಮನೆ ಹಪ್ಪಳ ಒಣಗ್ತಿದ್ವು, ಇದೇ ಒಲೇಲಿ. ಹರಡಿದ್ದು ಇದೇ ಕೈ.”

“ಹಪ್ಪಳಕ್ಕೂ ಮಿಲಿಟರಿಗೂ ಎಂತ ಸಂಬಂಧ ದುಗ್ಗಮ್ಮ? ಸುಮ್ನಿರು,” ಎಂದರು ಶ್ರೀಕರ.

“ಇಂಗು ಹಾಕಿದ್ರಲ್ಲ ಅಯ್ಯಾ, ಕೋಣೆ ತುಂಬ ಘಾಟು. ಇಂಗಿನ ಡಬ್ಬಿ ಪಕ್ಕ ಬೆಳ್ಳಿ ಬಟ್ಲು ಇಟ್ರೆ ಕಪ್ಪಾಗ್ತದೆ ಅಂತ ನಿಮ್ಮನೆ ಅಮ್ಮೋರಿಗೂ ಗೊತ್ತು. ಸಮಿತೀಲಿ ಡ್ರೈವರ್ ಬದಲು ಅಮ್ಮೋರನ್ನ ಕೂರಿಸ್ಬೇಕಿತ್ತು.”

ಪೂರ್ಣೇಶರು ಓವನ್ನಿನ ಕೆಳತಟ್ಟೆಯನ್ನು ಎಳೆದರು. ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಹಪ್ಪಳದ ಚೂರನ್ನು ಚಿಮಟದಿಂದ ಎತ್ತಿ, ತಾರೀಖು ಬರೆದು, ಚೈತನ್ಯಾಳ ಡಬ್ಬಿಗೇ ಹಾಕಿದರು. ಪತ್ರವನ್ನು ಶ್ರೀಕರರ ಕೈಯಿಂದಲೇ ಹರಿದುಹಾಕಿಸಿದರು. ಓವನ್ ಕೋಣೆಯ ಬೀಗದ ಕೈ ಅಂದಿನಿಂದ ಚೈತನ್ಯಾಳ ಬಳಿ ಇದೆ.

ಶ್ರೀಕರರೂ ಪಾಠ ಕಲಿತರು. ಮರುವರ್ಷದ ಬೇಸಿಗೆಗೆ ಮುಂಚೆಯೇ ಇನ್ನೊಂದು ಓವನ್ ತರಿಸಿದರು, ಹಪ್ಪಳಕ್ಕೆ. ಬಾಗಿಲ ಮೇಲಿನ ಬರಹ ಹಾಗೆಯೇ ಉಳಿಯಿತು.

ದುಗ್ಗಮ್ಮ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮಾಣಿ ಅಣೆಕಟ್ಟಿನ ಕಡೆ ಮೋಡ ಕಟ್ಟಿತ್ತು. “ಆ ಎರಡ್ನೇ ಒಲೇಲಿ ನಮ್ಮವಕ್ಕೂ ಜಾಗ ಉಂಟಾ ದುಗ್ಗಕ್ಕ?” ಎಂದು ಒಬ್ಬರು ಕೇಳಿದರು. ದುಗ್ಗಮ್ಮ ತಮ್ಮ ಚಾಪೆ ಸುತ್ತತೊಡಗಿದರು. ಉಳಿದವರು ಹಸಿ ಹಪ್ಪಳಗಳನ್ನು ಮೊರಗಳಿಗೆ ತುಂಬಿಕೊಂಡು, ಮೇಲೆ ಸೆರಗು ಮುಚ್ಚಿ, ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.